ಮಸ್ಟರಿನಲ್ಲಿ ಒಬ್ಬರು ಕಡಿಮೆ

‘ಮಸ್ಟರ್’ ಎಂಬ ಇಂಗ್ಲಿಷ್ ಪದದ ಅರ್ಥವನ್ನು ಒಂಬತ್ತನೇ ತರಗತಿಯ ಮಕ್ಕಳಿಗೆ ಹೇಳುವುದು ಸುಲಭ ಎಂದು ನಾನು ತಿಳಿದಿದ್ದೆ. ನಮ್ಮ ಕಡೆ ಅದು ಇಂಗ್ಲಿಷ್ ಪದವೆಂದೇ ಯಾರಿಗೂ ಅನ್ನಿಸುವುದಿಲ್ಲ. ಮುಖ್ಯಾಧ್ಯಾಪಕರ ಮೇಜಿನ ಮೇಲೆ ಉದ್ದನೆಯ ರಟ್ಟಿನ ಪುಸ್ತಕವೊಂದಿರುತ್ತದೆ, ಬೆಳಿಗ್ಗೆ ಬಂದ ಶಿಕ್ಷಕರು ಅದರಲ್ಲಿ ಸಹಿ ಹಾಕುತ್ತಾರೆ, ಅದೇ ಮಸ್ಟರ್. ಇಪ್ಪತ್ತಾರು ವರ್ಷಗಳಿಂದ ನಾನೂ ಹಾಕುತ್ತಿದ್ದೇನೆ. ತರಗತಿಯ ಬಾಗಿಲವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ನೋಡುವುದನ್ನೂ ಇಪ್ಪತ್ತಾರು ವರ್ಷಗಳಿಂದ ಮಾಡುತ್ತಿದ್ದೇನೆ. ಒಮ್ಮೆಯೂ ಮರೆತದ್ದಿಲ್ಲ. ಅದರಿಂದ ಸಮಾಧಾನವೇನೂ ಆಗಿಲ್ಲ. ಮರೆಯುವ ದಿನ ಇನ್ನೂ ಬಾಕಿ ಇದೆ ಎಂದೇ ಲೆಕ್ಕ.

ಪಾಠದಲ್ಲಿ ಬಂದದ್ದು ‘ಪಾಸ್ ಮಸ್ಟರ್’. ಅದು ದಂಡಿನವರ ಮಾತು ಎಂದು ವಿವರಿಸಿದೆ. ಹಿಂದೆ ಸಿಪಾಯಿಗಳನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಹೆಸರು ಕೂಗಿ, ತಲೆ ಎಣಿಸಿ, ಬಂದೂಕು ಬೂಟು ನೋಡಿ, ಸರಿಯಿದ್ದವರನ್ನು ಮುಂದಕ್ಕೆ ಬಿಡುತ್ತಿದ್ದರು. ಆ ಎಣಿಕೆ ಮಸ್ಟರ್, ಅದರಲ್ಲಿ ಪಾರಾದವನು ಪಾಸ್. ಈಗ ಇಂಗ್ಲಿಷಿನವರು ಹೋಟೆಲಿನ ಅಡುಗೆಗೂ ಕಚೇರಿಯ ವರದಿಗೂ ಇದನ್ನೇ ಹಚ್ಚುತ್ತಾರೆ. ನೋಡುವವರ ಕಣ್ಣಿಗೆ ತಕ್ಕಮಟ್ಟಿಗೆ ಸರಿ ಅನ್ನಿಸಿದರೆ ಸಾಕು. ‘ಮಸ್ಟರ್ ಕರೇಜ್’ ಅನ್ನುವುದೂ ಅಲ್ಲಿಂದಲೇ ಬಂದದ್ದು, ಚೆದುರಿಹೋದ ಧೈರ್ಯವನ್ನು ಕೂಗಿ ಕರೆದು ಒಂದೆಡೆ ನಿಲ್ಲಿಸುವುದು. ನನ್ನ ಪಡೆಯಲ್ಲಿ ಕೂಗಿದಾಗ ಬರುವವರು ಕಡಿಮೆ, ಬಹುಪಾಲು ಮೆಡಿಕಲ್ ರಜೆಯಲ್ಲಿರುತ್ತಾರೆ. ಇದನ್ನು ಮಾತ್ರ ಮಕ್ಕಳಿಗೆ ಹೇಳಲಿಲ್ಲ.

ಅದೇ ವಾರ ಲೋಕಸಭೆ ಚುನಾವಣೆಯ ಕೆಲಸದ ಆದೇಶ ಬಂತು. ಕೆಲಗೇರಿಯ ಒಂದು ಮತಗಟ್ಟೆಗೆ ನಾನೇ ಮುಖ್ಯಸ್ಥೆ. ಮತದಾನದ ಹಿಂದಿನ ದಿನ ಬೆಳಿಗ್ಗೆ ತಂಡ ಕೂಡಿ ಯಂತ್ರ ಪಡೆಯಲು ಧಾರವಾಡದ ಕಾಲೇಜೊಂದರ ಮೈದಾನದಲ್ಲಿ ‘ಮಸ್ಟರಿಂಗ್’, ಮತದಾನ ಮುಗಿದ ಮೇಲೆ ಎಲ್ಲ ಒಪ್ಪಿಸಲು ಅಲ್ಲಿಯೇ ‘ಡಿ-ಮಸ್ಟರಿಂಗ್’. ಎರಡನೆಯ ಪದ ನನ್ನ ದೊಡ್ಡ ನಿಘಂಟಿನಲ್ಲಿ ಸಿಗಲಿಲ್ಲ. ನಿಘಂಟಿನಲ್ಲಿಲ್ಲದ ಕೆಲಸಕ್ಕೆ ನನ್ನನ್ನು ಹಾಕಿದ್ದಾರೆ ಎಂಬುದೇ ಒಂದು ಚಿಂತೆಯಾಯಿತು.

ನವನಗರದ ಮನೆಯಲ್ಲಿ ನಾನು ಹತ್ತು ದಿನ ಮೊದಲೇ ಚೀಲ ಕಟ್ಟಿದ್ದನ್ನು ನೋಡಿ ನಮ್ಮ ಯಜಮಾನರು ಅಂದರು, “ಈಗಿಂದನ ಚಿಂತಿ ಮಾಡಿದ್ರ ಆ ದಿನಕ್ಕ ಏನ ಉಳಿತೈತಿ?”

“ಆ ದಿನದ್ದು ಬ್ಯಾರೆ ಇರತೈತ್ರಿ.”

ಮೈದಾನದ ಶಾಮಿಯಾನಾದಲ್ಲಿ ಧ್ವನಿವರ್ಧಕ ಮತಗಟ್ಟೆಯ ನಂಬರು ಕೂಗುತ್ತಿತ್ತು. ನಮ್ಮದು ನಾಲ್ಕು ಜನರ ತಂಡ. ನನ್ನ ಕೈಕೆಳಗಿನ ಮೊದಲನೆಯವರು ಉಣಕಲ್ಲಿನ ಪ್ರಾಥಮಿಕ ಶಾಲೆಯ ಮಾಸ್ತರರು, ನಿವೃತ್ತಿಗೆ ಒಂದು ವರ್ಷ ಉಳಿದವರು. ಎರಡನೆಯವರು ಮಾತು ಕಡಿಮೆಯ ಗುಮಾಸ್ತರು. ಮೂರನೆಯವಳು ಕೃಷಿ ಇಲಾಖೆಯ ಹುಡುಗಿ, ನೌಕರಿಗೆ ಸೇರಿ ಎಂಟು ತಿಂಗಳಾಗಿತ್ತು. ಎರಡು ವರ್ಷದ ಪ್ರೊಬೇಷನ್ ಮುಗಿಯುವ ತನಕ ಕೆಲಸ ಕಾಯಂ ಅಲ್ಲ. “ಏನರ ತಪ್ಪಾದ್ರ ಸಸ್ಪೆಂಡ್ ಮಾಡ್ತಾರೇನ್ರಿ ಮೇಡಂ?” ಎಂದು ಬಸ್ಸಿನಲ್ಲೇ ಕೇಳಿದಳು. ನನ್ನಂಥವಳೇ ಒಬ್ಬಳು ಸಿಕ್ಕಳಲ್ಲ ಎಂದು ನನಗೆ ಸ್ವಲ್ಪ ಹಿತವಾಯಿತು.

ಮತಗಟ್ಟೆಯ ಕೆಲಸ ಹೇಳುವುದಕ್ಕೆ ಸರಳ. ಮತದಾರರು ಬಂದರೆ ಮಾಸ್ತರರು ಪಟ್ಟಿಯಲ್ಲಿ ಹೆಸರು ಹುಡುಕುತ್ತಾರೆ. ಗುಮಾಸ್ತರು ರಿಜಿಸ್ಟರಿನಲ್ಲಿ ಸಹಿ ಹಾಕಿಸಿ, ಬೆರಳಿಗೆ ಶಾಯಿ ಹಚ್ಚಿ, ಒಂದು ಚೀಟಿ ಕೊಡುತ್ತಾರೆ. ಹುಡುಗಿ ಆ ಚೀಟಿ ಇಸಿದುಕೊಂಡು ಗುಂಡಿ ಒತ್ತಿದರೆ ಯಂತ್ರ ಒಂದು ಮತಕ್ಕೆ ಸಿದ್ಧವಾಗುತ್ತದೆ. ರಿಜಿಸ್ಟರಿನ ಸಹಿ ಎಷ್ಟೋ ಯಂತ್ರದ ಮತವೂ ಅಷ್ಟೇ ಇರಬೇಕು. ಎರಡು ತಾಸಿಗೊಮ್ಮೆ ತಾಳೆ ನೋಡುವುದು ನಿಯಮ. ನಾನು ಅರ್ಧ ತಾಸಿಗೊಮ್ಮೆ ನೋಡುತ್ತಿದ್ದೆ.

“ಟೀಚರ, ಅದು ಹಾಲಲ್ಲ ಉಕ್ಕಾಕ,” ಎಂದರು ಮಾಸ್ತರರು. “ಕೂಡ್ರಿ ಸುಮ್ನ.”

ಅವರ ಮಾತು ಕೇಳಿ ಹನ್ನೊಂದರ ನಂತರ ಸುಮ್ಮನಿದ್ದೆ. ಒಂದು ಗಂಟೆಗೆ ನೋಡಿದರೆ ರಿಜಿಸ್ಟರಿನಲ್ಲಿ ಮುನ್ನೂರ ಹದಿನೆಂಟು, ಯಂತ್ರದಲ್ಲಿ ಮುನ್ನೂರ ಹದಿನೇಳು.

ಮತ್ತೆ ನೋಡಿದೆ, ಅಷ್ಟೇ. ಚೀಟಿಗಳನ್ನು ಎಣಿಸಿದೆ, ಮುನ್ನೂರ ಹದಿನೇಳು. ಸಹಿ ಹಾಕಿದ ಒಬ್ಬರು ಚೀಟಿ ಸಮೇತ ಮಾಯವಾಗಿದ್ದರು. ಇಲ್ಲವೇ ಹುಡುಗಿ ಚೀಟಿ ಇಸಿದುಕೊಂಡು ಕೆಡವಿ, ಗುಂಡಿ ಒತ್ತುವುದನ್ನು ಮರೆತಿದ್ದಳು. ಮೊದಲನೆಯದು ಹುಡುಕಲು ಆಗದ್ದು, ಎರಡನೆಯದು ಎದುರಿಗೇ ಕೂತಿತ್ತು.

“ನೀ ಒಂದ್ ಚೀಟಿ ಕೆಳಗ ಬೀಳಿಸೀ ಏನ ನೋಡು.”

“ಇಲ್ರಿ ಮೇಡಂ.”

“ಖರೇ ಹೇಳು. ಗುಂಡಿ ಒತ್ತೋದು ಬಿಟ್ಟಿಲ್ಲ?”

“ಇಲ್ರಿ,” ಎಂದಳು. ಎರಡನೆಯ ಸಲದ ದನಿ ಮೊದಲಿನದಕ್ಕಿಂತ ಸಣ್ಣದಾಗಿತ್ತು. ಅದನ್ನು ನಾನು ತಪ್ಪೊಪ್ಪಿಗೆ ಎಂದು ತಿಳಿದೆ. ಇಷ್ಟು ವರ್ಷ ಮಕ್ಕಳ ಮುಂದೆ ನಿಂತವಳಿಗೆ ಹೆದರಿಕೆಗೂ ತಪ್ಪಿಗೂ ಇರುವ ವ್ಯತ್ಯಾಸ ತಿಳಿಯಬೇಕಾಗಿತ್ತು. ಅವಳು ಮೇಜಿನ ಕೆಳಗೆ ಮಂಡಿಯೂರಿ ಹುಡುಕತೊಡಗಿದಳು. ನಾನು ಹೊರಗೆ ಹೋಗಿ, ಹತ್ತು ಮತಗಟ್ಟೆಗಳನ್ನು ನೋಡಿಕೊಳ್ಳುವ ಮೇಲಧಿಕಾರಿಗೆ ಫೋನು ಮಾಡಿ ಒಂದು ಮತ ಕಡಿಮೆ ಎಂದೆ.

“ಯಾರ ಕಡಿಂದ ಆತ್ರಿ ಅದು?”

ನಾನು ಗೊತ್ತಿಲ್ಲ ಅನ್ನಬಹುದಿತ್ತು. “ಮೂರನೇ ಆಫೀಸರು ಹೊಸಬ್ರು ಸರ್. ಅವರ ಕಡಿಂದ ಆಗಿರಬೇಕು,” ಎಂದೆ.

“ಹೆಸರ ಹೇಳ್ರಿ, ಬರಕೋತೀನಿ.”

ಹೇಳಿದೆ.

ಒಳಗೆ ಬಂದರೆ ಮಾಸ್ತರರು ರಿಜಿಸ್ಟರು ತೆರೆದುಕೊಂಡು ಪಕ್ಷಗಳ ಏಜೆಂಟರನ್ನು ಸುತ್ತ ಕೂಡಿಸಿದ್ದರು. ಉರಿಬಿಸಿಲಿಗೆ ಸಾಲಿನಲ್ಲಿ ಯಾರೂ ಇರಲಿಲ್ಲ. ಏಜೆಂಟರು ಅದೇ ಓಣಿಯವರು, ಅವರಿಗೆ ಎಲ್ಲರ ಮುಖವೂ ಗೊತ್ತು. ಹನ್ನೊಂದರವರೆಗೆ ಲೆಕ್ಕ ಸರಿಯಿತ್ತಲ್ಲ, ಅಲ್ಲಿಂದ ಮುಂದಿನ ಒಂದೊಂದೇ ಹೆಸರು ಮಾಸ್ತರರು ಓದುತ್ತಿದ್ದರು.

“ಇಂವಾ?”

“ಹಾಕ್ಯಾನ್ರಿ. ಹೊರಗ ಬಂದು ಬೆರಳಿಂದು ಫೋಟೋ ತಗೊಂಡ.”

“ಈ ಅಕ್ಕಾರು?”

“ಅವರು ಹಾಕದ ಹೋಗ್ತಾರೇನ್ರಿ? ಅವರ ಮೈದುನನ ವಿರುದ್ಧ ಹಾಕಾಕಂತನ ಬಂದಾರ.”

ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ಅವಳು ಕಸದ ಬುಟ್ಟಿ ಬರಿದು ಮಾಡಿ ಒಂದೊಂದೇ ಕಾಗದ ಬಿಡಿಸಿ ನೋಡುತ್ತಿದ್ದಳು. ಮಾಸ್ತರರು ಪುಟ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಏಜೆಂಟನೊಬ್ಬ ಬಗ್ಗಿ ನೋಡಿ, “ಇದ್ಯಾರ್ರಿ? ನಮ್ಮ ಓಣ್ಯಾಗ ಈ ಹೆಸರ ಇಲ್ಲ,” ಎಂದ.

ಮಾಸ್ತರರು ಚಾಳೀಸು ತೆಗೆದು ನನ್ನ ಕಡೆ ನೋಡಿದರು.

“ಟೀಚರ, ನಿಮ್ಮ ಎಡಗೈ ತೋರಿಸ್ರಿ.”

ತೋರಿಸಿದೆ. ತೋರುಬೆರಳಿನ ಉಗುರಿನ ಮೇಲೆ ಕಪ್ಪು ಶಾಯಿಯ ಗೆರೆ ಇತ್ತು.

ಚುನಾವಣೆಯ ಕೆಲಸದಲ್ಲಿರುವವರಿಗೆ ತಾವಿರುವ ಮತಗಟ್ಟೆಯಲ್ಲೇ ಮತ ಹಾಕಲು ಒಂದು ಪ್ರಮಾಣಪತ್ರ ಕೊಡುತ್ತಾರೆ. ಹನ್ನೊಂದೂವರೆಯ ಸುಮಾರಿಗೆ ಜನ ಕಡಿಮೆಯಾದಾಗ ಅದನ್ನು ಕೊಟ್ಟು ನಾನು ಸಹಿ ಹಾಕಿದ್ದೆ, ಶಾಯಿ ಹಚ್ಚಿಸಿಕೊಂಡು ಚೀಟಿ ತೆಗೆದುಕೊಂಡಿದ್ದೆ. ಆಗಲೇ ಹೊರಗೆ ಹೆಂಗಸರ ಸಾಲು ಮೊದಲೋ ಗಂಡಸರ ಸಾಲು ಮೊದಲೋ ಎಂದು ಜಗಳ ಹತ್ತಿತು. ಎಲ್ಲಿ ಹೊಡೆದಾಟವಾಗುತ್ತದೋ ಎಂದು ಓಡಿದೆ. ಜಗಳ ಮುಗಿಯಿತು, ನಾನು ಬಂದು ಕುರ್ಚಿಯಲ್ಲಿ ಕೂತೆ, ಮತ ಹಾಕಿದ್ದೇನೆ ಎಂದುಕೊಂಡೇ ಕೂತೆ. ಚೀಟಿ ಸಿಕ್ಕದ್ದು ನನ್ನ ಕೈಯಲ್ಲೇ ಇದ್ದ ನಿಯಮಗಳ ಪುಸ್ತಕದಲ್ಲಿ, ಗುರುತಿಗೆಂದು ಪುಟದ ನಡುವೆ.

ಏಜೆಂಟರಲ್ಲಿ ಯಾರೂ ತಕರಾರು ಮಾಡಲಿಲ್ಲ. “ಮೇಡಮ್ಮಾರು ಎಲ್ಲಾರ್ನೂ ಎಣಿಸಿ ತಮ್ಮನ್ನ ಬಿಟ್ಟಾರ,” ಎಂದು ಒಬ್ಬ ಅಂದ, ಅಷ್ಟೇ. ನಾನು ಚೀಟಿಯನ್ನು ಹುಡುಗಿಯ ಮುಂದಿಟ್ಟೆ. ಅವಳು ನನ್ನ ಮುಖ ನೋಡದೆ ಗುಂಡಿ ಒತ್ತಿದಳು. ಹೋಗಿ ಮತ ಹಾಕಿದೆ. ಮುನ್ನೂರ ಹದಿನೆಂಟು.

“ತಪ್ಪಾತವ್ವಾ,” ಎಂದೆ.

“ಇರ್ಲಿ ಬಿಡ್ರಿ ಮೇಡಂ,” ಎಂದಳು. ಅವಳ ಕೈಗೆ ಕಸದ ಬುಟ್ಟಿಯ ಧೂಳು ಹತ್ತಿತ್ತು.

ಮೇಲಧಿಕಾರಿಗೆ ತಿರುಗಿ ಫೋನು ಮಾಡಿದೆ. “ತಾಳೆ ಆತಲ್ರಿ? ಮುಗೀತು,” ಎಂದು ಇಟ್ಟುಬಿಟ್ಟರು. ಬರೆದುಕೊಂಡ ಹೆಸರನ್ನು ಹೊಡೆದುಹಾಕಿದರೋ ಇಲ್ಲವೋ ಹೇಳಲಿಲ್ಲ. ಆಮೇಲೆ ಎರಡು ಸಲ ಮಾಡಿದರೆ ಎತ್ತಲೂ ಇಲ್ಲ.

ಮತದಾನ ಮುಗಿದ ಮೇಲೆ ಮುಖ್ಯಸ್ಥರು ದಿನಚರಿ ಬರೆದುಕೊಡಬೇಕು. ಅದರಲ್ಲಿ ವಿಶೇಷ ಘಟನೆಗಳಿಗೆಂದು ಜಾಗವಿದೆ. ಮಾಸ್ತರರು ನನ್ನ ಪೆನ್ನು ಅಲ್ಲಿ ನಿಂತದ್ದನ್ನು ನೋಡಿದರು.

“ಬರೀಬ್ಯಾಡ್ರಿ ಟೀಚರ. ಲೆಕ್ಕ ಕೂಡೇತಿ. ಇಲ್ಲದ್ದು ಮೈಮ್ಯಾಲ ಎಳಕೋತೀರಿ.”

“ಆಕಿ ಹೆಸರ ಅವರ ಕಡೆ ಐತಲ್ರಿ ಸರ್.”

ಹುಡುಗಿ ಪಕ್ಕದಲ್ಲೇ ಲಕೋಟೆಗಳಿಗೆ ಅರಗು ಹಾಕುತ್ತಿದ್ದಳು. ಕೇಳಿಸಿಕೊಂಡಳು ಎಂದು ಅರಗಿನ ಕಡ್ಡಿ ನಿಂತದ್ದರಿಂದ ತಿಳಿಯಿತು. ನಾನು ಬೇರೆ ಕಾಗದದ ಮೇಲೆ ಮೂರು ಸಲ ಬರೆದು ನೋಡಿದೆ. ಮೂರರಲ್ಲೂ ಬಿಸಿಲು, ಗದ್ದಲ, ಜಗಳ ಇವೆಲ್ಲ ಮೊದಲು ಬಂದು ನಾನು ಕೊನೆಗೆ ಬರುತ್ತಿದ್ದೆ. ನಾಲ್ಕನೆಯ ಸಲ ದಿನಚರಿಯಲ್ಲೇ ಬರೆದೆ: ಸಹಿ ಮಾಡಿ ಮತ ಹಾಕದೆ ಹೋದವಳು ನಾನು, ಮೂರನೆಯ ಅಧಿಕಾರಿಯ ತಪ್ಪಿಲ್ಲ.

ಡಿ-ಮಸ್ಟರಿಂಗಿನ ಮೇಜಿನ ಹಿಂದಿದ್ದವರು ಅದನ್ನು ಎರಡು ಸಲ ಓದಿದರು.

“ಇದೇನ್ರಿ? ಅವರ ತಪ್ಪೈತಿ ಅಂತ ಯಾರು ಅಂದಿದ್ರು?”

“ನಾನ ಅಂದಿದ್ದೆ ಸರ್.”

ಅವರು ಹಿಂದಿನ ಉದ್ದದ ಸಾಲನ್ನು ನೋಡಿ, ಸಹಿ ಹಾಕಿ, ದಿನಚರಿಯನ್ನು ಗುಡ್ಡೆಯ ಮೇಲೆ ಎಸೆದರು. ನಾವು ಬಿಡುಗಡೆಯ ಚೀಟಿ ತೆಗೆದುಕೊಂಡೆವು. ಹುಡುಗಿ, “ಬರ್ತೀನ್ರಿ ಮೇಡಂ,” ಎಂದು ಬಸ್ಸಿನ ಕಡೆ ಹೋದಳು.

ಅವಳ ಪ್ರೊಬೇಷನ್ ಮುಗಿಯಲು ಇನ್ನೂ ಹದಿನಾರು ತಿಂಗಳಿತ್ತು. ಅಷ್ಟೂ ತಿಂಗಳು ಶಾಲೆಗೆ ಸರ್ಕಾರಿ ಲಕೋಟೆ ಬಂದಾಗಲೆಲ್ಲ ನನ್ನ ಹೆಸರಿಗೆ ನೋಟೀಸು ಬಂತೆಂದು ಎದ್ದು ನಿಲ್ಲುತ್ತಿದ್ದೆ. ನನಗಲ್ಲದಿದ್ದರೆ ಅದು ಅವಳ ಹೆಸರಿಗೇ ಹೋಗಿರಬೇಕೆಂದು ಕೂರುತ್ತಿದ್ದೆ. ಫೋನು ಮಾಡಿ ಕೇಳಲು ನಾಚಿಕೆ. ಹದಿನೇಳನೆಯ ತಿಂಗಳು ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದಳು.

“ಮೇಡಂ, ಏನರ ಬಂತೇನ್ರಿ?”

“ಏನೂ ಬಂದಿಲ್ಲವ್ವಾ. ನಿನ್ನ ಪ್ರೊಬೇಷನ್ ಏನಾತಂತ ಕೇಳೂಣಂತ.”

“ಮುಗೀತ್ರಿ. ಹ್ವಾದ ವಾರ ಆರ್ಡರ್ ಕೈಗೆ ಬಂತು.” ಆಮೇಲೆ ಸ್ವಲ್ಪ ನಕ್ಕಳು. “ನೀವಿನ್ನೂ ಅದನ್ನ ತಲ್ಯಾಗ ಇಟ್ಕೊಂಡೀರೇನ್ರಿ? ನಾ ಯಾವಾಗೋ ಮರತೇನಿ.”

ಹಾಗಿದ್ದರೆ ಒಳ್ಳೆಯದೇ ಎಂದೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ಏನಾದರೂ ಬಂತೇ ಎಂದು ಕೇಳಿದವಳು ಅವಳು.