ಯಾರೂ ಎತ್ತದ ಸೊಲ್ಲು

ದೆವ್ವ, ಗಾಳಿ ಎಂದವರನ್ನು ಕಂಡು ನಗುತ್ತಿದ್ದವನು ನಾನು. ಏಳನೇ ಇಯತ್ತೆಗೇ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ತಂಗಿ ನೀಲಮ್ಮನನ್ನು ಜೇವರ್ಗಿ ಕಡೆಯ ಕೊಳಕೂರಿಗೆ ಕೊಟ್ಟಿದ್ದೆವು. ಪ್ರತಿ ವರ್ಷ ನಾಗರಪಂಚಮಿಗೆ ನಾನೇ ಅವಳನ್ನು ನಮ್ಮೂರು ಗೊಬ್ಬೂರಿಗೆ ಕರೆತರುತ್ತಿದ್ದೆ. ನಮ್ಮ ಓಣಿಯ ಬೇವಿನ ಮರದ ಜೋಕಾಲಿಯ ಸುತ್ತ ಹೆಂಗಸರು ಹಾಡುತ್ತಾರೆ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ಒಂದು ವರ್ಷ ನೀಲಮ್ಮ ತಾನೇ ಕಟ್ಟಿದ ಸೊಲ್ಲು ಎತ್ತಿದಳು:

ಅತ್ತೀಮನಿ ಬಾವ್ಯಾಗ ಬೆಳ್ಳಿಯ ಚಂದ್ರಾಮ
ಹಸರ ಸೀರ್ಯುಟ್ಟು ಬಾರಂದ, ನನ್ನವ್ವ,
ಮಲ್ಲಿಗಿ ಹಾಸಿಗಿ ಹಾಸ್ಯಾನ

ಎಲ್ಲರೂ ಚಪ್ಪಾಳೆ ತಟ್ಟಿದರು. "ನಿನ್ನ ಅತ್ತೀಮನಿ ಬಂಗಾರದ್ದೇ ಅದ ಬಿಡಬೇ" ಎಂದು ನಾನೂ ನಕ್ಕೆ. ಅವಳು ನಗಲಿಲ್ಲ. ಮರುದಿನ ಬೈಕಿನಲ್ಲಿ ಬಿಟ್ಟು ಬಂದೆ. ತಿಂಗಳೊಳಗೆ ಅವಳು ಬಾವಿಗೆ ಬಿದ್ದಳೆಂದು ಸುದ್ದಿ ಬಂತು. ಮೈಮೇಲೆ ನಾನು ಕೊಡಿಸಿದ್ದ ಹಸಿರು ಸೀರೆ ಇತ್ತು.

ಎರಡು ವರ್ಷ ಓಣಿಯಲ್ಲಿ ಜೋಕಾಲಿ ಕಟ್ಟಲಿಲ್ಲ. ಮೂರನೆಯ ಪಂಚಮಿಗೆ ಕಟ್ಟಿದೆವು. ಮಟಮಟ ಮಧ್ಯಾಹ್ನ. ನನ್ನ ಹೆಂಡತಿ ಕಸ್ತೂರಿ ಸೊಲ್ಲು ಎತ್ತುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತಿದ್ದೆ. ಅವಳು ನೀರು ಕುಡಿಯಲು ಚೊಂಬು ಎತ್ತಿದಳು. ಅಷ್ಟರಲ್ಲಿ ಉಳಿದವರೆಲ್ಲ ಒಟ್ಟಿಗೆ ಹಾಡಿದರು:

ಹೊಳಿಮ್ಯಾಲ ಬಂಗಾರದ ಬಿಸಿಲು ಚೆಲ್ಲ್ಯಾದ, ಗಾಡಿ ತಿರುವೋ ಅಣ್ಣಯ್ಯ

ನಾನು ಕಟ್ಟೆಯಿಂದ ಎದ್ದು ನಿಂತೆ. ನೀಲಮ್ಮನನ್ನು ಬಿಡಲು ಹೋದ ದಿನ, ಭೀಮಾ ಸೇತುವೆಯ ನಡುವೆ ಅವಳು ನನ್ನ ಭುಜ ಹಿಡಿದಿದ್ದಳು. "ಅಣ್ಣಾ, ಗಾಡಿ ತಿರುವು. ನಾ ಹೋಗಂಗಿಲ್ಲ." "ಮಂದಿ ಏನಂತಾರ? ಸುಮ್ಮ ಕೂಡು" ಎಂದು ಗದರಿಸಿ ಗಾಡಿ ಓಡಿಸಿದ್ದೆ. ಇದನ್ನು ನಾನು ಹೆತ್ತ ತಾಯಿಗೂ ಹೇಳಿರಲಿಲ್ಲ.

ಕಸ್ತೂರಿ ಚೊಂಬು ಇಳಿಸಿದಳು. "ಇದನ್ನ ಯಾರು ಎತ್ತಿದ್ರಿ?"

"ನೀನೇ ಎತ್ತಿದೆಲ್ಲಬೇ! ಹಾಡಿ ಮರತೇನು?" ಎಂದು ನೆರೆಮನೆಯ ಸಂಗವ್ವ ನಕ್ಕಳು.

"ನಾ ನೀರು ಕುಡಿಲಾಕತ್ತಿದ್ದೆ, ಅತ್ತಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ತಮ್ಮ ಪಕ್ಕದಿಂದಲೇ ಯಾರೋ ಎತ್ತಿದ್ದು ಕೇಳಿಸಿತೆಂದು ಪ್ರತಿಯೊಬ್ಬರೂ ಹೇಳಿದರು. ನನಗೆ ಮಾತ್ರ ಎತ್ತಿದ ಆ ದನಿ ಕೇಳಿಸಿರಲಿಲ್ಲ, ಇವರು ತಿರುಗಿ ಹಾಡಿದ್ದಷ್ಟೇ ಕೇಳಿಸಿತ್ತು.

ಅಂಥ ಹಾಡು ಒಂದು ಸೊಲ್ಲಿಗೆ ಮುಗಿಯುವುದಿಲ್ಲ. ಚಪ್ಪಾಳೆಗೆ ಕೈ ಎತ್ತಿಕೊಂಡು, ಮುಂದಿನದಕ್ಕಾಗಿ ಅವರೆಲ್ಲ ಕಿವಿಗೊಟ್ಟು ನಿಂತರು. ನಾನು ಓಡಿಹೋಗಿ ಮರ ಹತ್ತಿ ಜೋಕಾಲಿಯ ಹಗ್ಗ ಬಿಚ್ಚಿ ಕೆಡವಿದೆ. ಹೆಂಗಸರು ಬೈಯುತ್ತಾ ಚದುರಿದರು.

ಯಾಕೆ ಬಿಚ್ಚಿದಿರಿ ಎಂದು ಕಸ್ತೂರಿ ಈಗಲೂ ಕೇಳುತ್ತಾಳೆ. ಆ ಸೊಲ್ಲು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಆದರೆ ತಂಗಿ ಏನೋ ಹೇಳಲು ಬಂದಿದ್ದರೆ, ಎರಡನೆಯ ಸಲವೂ ನಾನು ಕೇಳಿಸಿಕೊಳ್ಳಲಿಲ್ಲ.