ಇಳಿಜಾರಿನಲ್ಲಿ ಕಲಿತ ಆಟ

ಕೆರೂರಿನ ಸಂತೆ ಬಯಲಲ್ಲಿ ನಾನು ಫುಟ್‌ಬಾಲ್ ಕಲಿಸಿದ ಹುಡುಗಿಯನ್ನು ಬಾಗಲಕೋಟೆಯ ಕ್ಲಬ್ಬಿನವರು ಕರೆದುಕೊಂಡು ಹೋದರು. ಮೊನ್ನೆ ಅವಳ ಆಟ ನೋಡಲು ಹೋಗಿದ್ದೆ. ಗೆರೆಯ ಪಕ್ಕ ನಿಂತಿದ್ದ ಅಲ್ಲಿನ ಕೋಚ್, ನಾನು ಯಾರೆಂದು ತಿಳಿಯದೆ, “ಇಂಥಾ ಆಟಗಾರ್ತಿಯರನ್ನ ನಾವ ತಯಾರ ಮಾಡ್ತೇವ್ರಿ” ಎಂದರು. ಮೈ ಉರಿಯಿತು.

ಅಷ್ಟರಲ್ಲಿ ಅವಳು ಗೆಳತಿಗೆಂದು ಒದ್ದ ಚೆಂಡು ಗೆಳತಿಯಿಂದ ದೂರ ಹೋಯಿತು. “ಎಲ್ಲಿ ನೋಡಿ ಒದ್ಯಾಕತ್ತೀಯವಾ?” ಎಂದು ಕೋಚ್ ಕೂಗಿದರು.

ನಮ್ಮ ಬಯಲು ಒಂದು ಬದಿಗೆ ಇಳಿಜಾರು. ಏರಿನ ಕಡೆ ಒದ್ದರೇ ಚೆಂಡು ಉರುಳಿಕೊಂಡು ಗೆಳತಿಯ ಕಾಲಿಗೆ ಬರುತ್ತದೆ. ಹಾಗೆ ಹೇಳಿಕೊಟ್ಟವನು ನಾನೇ. ಇಲ್ಲಿನ ನೆಲ ಸಮತಟ್ಟು. ಚೆಂಡು ಗೆರೆ ದಾಟಿ ನನ್ನ ಕಾಲ ಬಳಿಯೇ ಬಂದು ನಿಂತಿತು.

ತಿರುಗಿ ಒದೆಯಲು ಮನಸ್ಸೇ ಬರಲಿಲ್ಲ.