ಅಂಗೈಯಷ್ಟು ರೊಟ್ಟಿ

ಜಲನಗರದ ನಮ್ಮ ಓಣಿಯಲ್ಲಿ ಯಾರದೋ ಮನೆಯಿಂದ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ನನ್ನ ಮನಸ್ಸು ಚಪ್ಪಲಿಯನ್ನೂ ಮೆಟ್ಟದೆ ನಿಡೋಣಿ ಹಳ್ಳಿಗೆ ಓಡುತ್ತದೆ. ಅಲ್ಲಿ ಅವ್ವನ ತಂಗಿ, ನನ್ನ ಚಿಗವ್ವನ ಮಾಳಿಗೆ ಮನೆಯಿತ್ತು. ತಮ್ಮ ಹುಟ್ಟಿ ಅವ್ವ ಹಾಸಿಗೆ ಹಿಡಿದಾಗ ನಾಲ್ಕು ದಿನಕ್ಕೆಂದು ನನ್ನನ್ನು ಅಲ್ಲಿ ಬಿಟ್ಟಿದ್ದರು; ಶಾಲೆಗೆ ಸೇರುವ ವಯಸ್ಸಿನವರೆಗೂ ಅಲ್ಲೇ ಬೆಳೆದೆ. ಚಿಗವ್ವನಿಗೆ ಮಕ್ಕಳಿರಲಿಲ್ಲ. ದಿನವೂ ಹಿಟ್ಟಿನ ಕೊನೆಯ ಉಂಡೆಯಲ್ಲಿ ನನಗೆಂದೇ ಅಂಗೈಯಷ್ಟು ರೊಟ್ಟಿ ಬಡಿದು, ಬೆಣ್ಣೆ ಸವರಿ, ಒಲೆಯ ಮುಂದೆ ಕೂತ ನನ್ನ ಕೈಯಲ್ಲಿಡುತ್ತಿದ್ದಳು. ಆಗ ನನ್ನ ಲೆಕ್ಕ ಬಹಳ ಸರಳ: ನಕ್ಕರೆ ಖುಷಿ, ಕಣ್ಣೀರು ಬಂದರೆ ದುಃಖ, ದನಿ ಏರಿದರೆ ಸಿಟ್ಟು. ಮುಖದ ಮೇಲೊಂದು, ಒಳಗೊಂದು ಇರಬಹುದೆಂಬುದು ನನಗೆ ಗೊತ್ತೇ ಇರಲಿಲ್ಲ.

ಅಪ್ಪ ಕರೆದೊಯ್ಯಲು ಬಂದ ಬೆಳಿಗ್ಗೆ ಚಿಗವ್ವ ಬೆಕ್ಕಿಗೂ ಬೈದಳು, ನನಗೂ ಬೈದಳು. ರೊಟ್ಟಿ ಬಡಿದ ರಭಸಕ್ಕೆ ಪಕ್ಕದ ಚರಿಗೆಯ ನೀರು ನಡುಗುತ್ತಿತ್ತು. ಕೊನೆಯ ಉಂಡೆಯನ್ನೂ ದೊಡ್ಡದಾಗಿಯೇ ಬಡಿದು ಬುತ್ತಿ ಕಟ್ಟಿದಳು.

"ನನ್ನ ಸಣ್ಣ ರೊಟ್ಟಿ ಎಲ್ಲೈತಿ?" ಎಂದೆ.

"ಸಾಲಿಗಿ ಹೊಂಟಾಕಿಗಿ ಎಂಥಾ ಸಣ್ಣ ರೊಟ್ಟಿ ಬೇ? ನಡಿ, ನಿಮ್ಮಪ್ಪ ಕಾಯಾಕತ್ತಾರ."

ಬಾಗಿಲತನಕವೂ ಬರಲಿಲ್ಲ. ಚಿಗವ್ವನಿಗೆ ನಾನು ಬೇಡವಾದೆ ಎಂದು ಬಸ್ಸಿನಲ್ಲಿ ಬಬಲೇಶ್ವರ ದಾಟುವ ತನಕ ಅತ್ತೆ.

ಸ್ವಲ್ಪ ದೊಡ್ಡವಳಾದ ಮೇಲೆ, ಪ್ರೀತಿ ಇರುವವರೂ ಬೈಯುತ್ತಾರೆಂಬುದು ತಿಳಿಯಿತು. ಆ ಬೈಗುಳವೇ ಅವಳ ಅಳು ಆಗಿತ್ತೆಂದು ತಿಳಿದದ್ದು ಮಾತ್ರ ಮೊನ್ನೆ ಮೊನ್ನೆ. ಚಿಗವ್ವ ತೀರಿಕೊಂಡು, ಆ ಮನೆಯೂ ಬಿದ್ದುಹೋಗಿ, ಈಗ ದ್ರಾಕ್ಷಿ ತೋಟದಲ್ಲೇ ಇರುವ ಅವಳ ಗಂಡ, ನಮ್ಮ ಕಾಕಾ, ನಮ್ಮಲ್ಲಿಗೆ ಬಂದಿದ್ದರು. ಊಟಕ್ಕೆ ಕೂತಾಗ ತಟ್ಟೆಯೊಳಗಿನ ರೊಟ್ಟಿ ನೋಡುತ್ತಾ ಹೇಳಿದರು: "ನೀ ಹೋದಮ್ಯಾಲೂ ಆಕಿ ಆ ಸಣ್ಣ ರೊಟ್ಟಿ ಬಡಿಯೂದು ಬಿಡಲಿಲ್ಲವ್ವಾ. ಯಾರಿಗೆ ಅಂತ ಕೇಳಿದ್ರ ಸಿಟ್ಟಿಗೇಳ್ತಿದ್ಲು. ಕಡೀಕ ನಾನ ತಿಂತಿದ್ದೆ."

ಕಾಕಾ ಹೋದ ಮೇಲೆ, ಸಂಜೆ ಮತ್ತೆ ರೊಟ್ಟಿಗೆ ಕೂತೆ. ಸದ್ದಿಗೆ ಒಂದನೇ ತರಗತಿಯ ನನ್ನ ಮಗಳು ಓಡಿಬಂದಳು.

"ಯಾಕ ಇಷ್ಟ ಜೋರ ಬಡ್ಯಾಕತ್ತಿ ಮಮ್ಮಿ?"

"ಹೋಗ, ಅಭ್ಯಾಸ ಮಾಡ್ಕೋ ಹೋಗ!" ಎಂದು ಗದರಿದೆ.

ಅವಳು ಹೋಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಪಕ್ಕಕ್ಕೆ ಕೂತು, ಹಿಟ್ಟು ಮೆತ್ತಿದ ನನ್ನ ಕೈಯನ್ನು ಮೆಲ್ಲಗೆ ಹಿಡಿದು, "ಅಳಬ್ಯಾಡ" ಎಂದಳು.

ಅಲ್ಲಿಯತನಕ ನನ್ನ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.